ಉಂಡದ್ದು ಮೈಗೆ ಹತ್ತುವ ಬಗೆ

ಕಳೆದ ಯುಗಾದಿಯ ಹೊತ್ತಿಗೆ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ಹಿರಿಯ ತಾಯಿಯೊಬ್ಬರು ಈ ಅಂಕಣದ ವಿಳಾಸಕ್ಕೆ ಪತ್ರ ಬರೆದಿದ್ದರು. ಶರಣಾರ್ಥಿಗಳೊಂದಿಗೆ ಆರಂಭವಾದ ಆ ಪತ್ರದ ಸಾರಾಂಶ ಹೀಗಿತ್ತು: "ನನ್ನ ಸೊಸೆ ಎರಡನೆಯ ಸಲ ಗರ್ಭಿಣಿ. ನಾಲ್ಕನೆಯ ತಿಂಗಳಲ್ಲಿ ಪರೀಕ್ಷಿಸಿದಾಗ ರಕ್ತ ಎಂಟೂವರೆ ಇದೆ ಎಂದರು. ಗುಳಿಗೆ ಕೊಟ್ಟರು. ಈಗ ಆರು ತುಂಬಿದವು, ರಕ್ತ ಇದ್ದಲ್ಲಿಯೇ ಇದೆ. ನಮ್ಮ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಹಾಲು, ಮೊಸರು ದಿನವೂ ಇರುತ್ತವೆ. ಆಕೆ ಉಣ್ಣುವುದಕ್ಕೂ ಸಂಕೋಚಪಡುವವಳಲ್ಲ. ಮೊನ್ನೆ ಬೀಗರು ಬಂದಿದ್ದರು. ಮಾತಿನಲ್ಲಿ ಏನೂ ಅನ್ನಲಿಲ್ಲ, ಆದರೆ ಮಗಳ ಬಿಳಿಚಿದ ಮುಖವನ್ನೂ ನನ್ನ ಮುಖವನ್ನೂ ನೋಡಿದ ರೀತಿಯಲ್ಲಿಯೇ ಎಲ್ಲ ತಿಳಿಯಿತು. ಸೊಸೆಗೆ ಅನ್ನ ಹಾಕದ ಅತ್ತೆ ಎನಿಸಿಕೊಳ್ಳುವ ದಿನ ನನಗೆ ಬಂದಿತೇ?"

ಗರ್ಭಿಣಿಯ ವಿಷಯ ಮುಂದಿನ ಸಂಚಿಕೆಯವರೆಗೆ ಕಾಯತಕ್ಕದ್ದಲ್ಲ. ಆದ್ದರಿಂದ ಆ ದಿನವೇ ಉತ್ತರ ಬರೆದೆ. ತಡಮಾಡದೆ ವೈದ್ಯರಿಗೆ ಮತ್ತೊಮ್ಮೆ ತೋರಿಸಬೇಕೆಂದು ತಿಳಿಸಿ, ಜೊತೆಗೆ ಒಂದೇ ಒಂದು ಪ್ರಶ್ನೆ ಕೇಳಿದ್ದೆ: ನಿಮ್ಮ ಸೊಸೆ ಗುಳಿಗೆಯನ್ನು ಯಾವುದರ ಜೊತೆ ನುಂಗುತ್ತಾಳೆ? ಎಂಟು ದಿನಗಳಲ್ಲಿ ಉತ್ತರ ಬಂದಿತು. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದೆಂದು ಬೆಳಗಿನ ಚಹಾದ ಜೊತೆ. ಮಧ್ಯಾಹ್ನದ ಊಟವಾದೊಡನೆಯೂ ಆಕೆಗೆ ಒಂದು ಕಪ್ಪು ಚಹಾ ಬೇಕು.

ಆ ತಾಯಿಯ ಒಪ್ಪಿಗೆ ಪಡೆದು ಈ ತಿಂಗಳ ಅಂಕಣವನ್ನು ಅವರ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ. ಏಕೆಂದರೆ ಈ ಪ್ರಶ್ನೆ ಒಂದು ಮನೆಯದಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ನಮ್ಮ ರಾಜ್ಯದಲ್ಲಿ ಈ ಪ್ರಮಾಣ ಶೇಕಡಾ 48ರ ಸಮೀಪದಲ್ಲಿತ್ತು. ಇವರೆಲ್ಲರೂ ಉಪವಾಸವಿರುವವರೆಂದು ಹೇಳಲಾದೀತೇ?

ನಮ್ಮ ಭಾಷೆಯಲ್ಲಿ ಒಂದು ಅರ್ಥವತ್ತಾದ ಮಾತಿದೆ. ಉಂಡ ಅನ್ನ ಮೈಗೆ ಹತ್ತಬೇಕು ಎನ್ನುತ್ತೇವೆ. ಉಣ್ಣುವುದು ಒಂದು, ಉಂಡದ್ದು ಮೈಗೆ ಹತ್ತುವುದು ಇನ್ನೊಂದು ಎಂಬ ತಿಳಿವಳಿಕೆ ಹಿಂದಿನವರಿಗೆ ಇತ್ತೆಂಬುದಕ್ಕೆ ಈ ಮಾತೇ ಸಾಕ್ಷಿ. ವೈದ್ಯಶಾಸ್ತ್ರವೂ ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತದೆ. ಅನ್ನವನ್ನು ಒಡೆದು ಸಣ್ಣದು ಮಾಡುವ ಕೆಲಸ ಪಚನ. ಹಾಗೆ ಒಡೆದದ್ದನ್ನು ಕರುಳು ಒಳಗೆ ಎಳೆದುಕೊಂಡು ರಕ್ತಕ್ಕೆ ಸೇರಿಸುವ ಕೆಲಸ ಹೀರಿಕೆ. ಬಾಯಿಯಿಂದ ಗುದದ್ವಾರದವರೆಗೆ ನಮ್ಮೊಳಗೆ ಒಂದು ಉದ್ದನೆಯ ಕೊಳವೆ ಇದೆಯಷ್ಟೆ. ಆ ಕೊಳವೆಯೊಳಗೆ ಇರುವವರೆಗೂ ಅನ್ನ ದೇಹವನ್ನು ಸೇರಿದಂತೆ ಅಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ ಅತಿಥಿ ಇನ್ನೂ ಹೊಸ್ತಿಲು ದಾಟಿಲ್ಲದಿರುವಂತೆಯೇ ಇದು. ಕರುಳಿನ ಗೋಡೆಯೇ ಆ ಹೊಸ್ತಿಲು. ಅದನ್ನು ದಾಟಲಾಗದ್ದು ಎಷ್ಟೇ ಪೌಷ್ಟಿಕವಾಗಿದ್ದರೂ ಮರುದಿನ ಹೊರಗೆ ಹೋಗತಕ್ಕದ್ದೇ.

ಪಚನದ ಕೆಲಸ ಬಾಯಿಯಲ್ಲಿಯೇ ಆರಂಭವಾಗುತ್ತದೆ. ಇದನ್ನು ಮನೆಯ ಮಕ್ಕಳಿಗೆ ಸುಲಭವಾಗಿ ತೋರಿಸಿಕೊಡಬಹುದು. ಪಲ್ಯವಿಲ್ಲದೆ ಬರಿ ಜೋಳದ ರೊಟ್ಟಿಯ ತುಣುಕೊಂದನ್ನು ಬಾಯಿಗೆ ಹಾಕಿಕೊಂಡು ಒಂದು ನಿಮಿಷ ಅಗಿಯಲು ಹೇಳಿರಿ. ಸಪ್ಪಗಿದ್ದ ರೊಟ್ಟಿ ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವವೊಂದು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ.

ಜಠರದೊಳಗೆ ನಡೆಯುವ ವ್ಯಾಪಾರವನ್ನು ಮನುಷ್ಯ ಕಣ್ಣಾರೆ ಕಂಡ ಕಥೆ ವಿಚಿತ್ರವಾದದ್ದು. 1822ರ ಜೂನ್ ತಿಂಗಳಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳು ಚರ್ಮದ ವ್ಯಾಪಾರದಲ್ಲಿ ಕೂಲಿಯಾಗಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ತರುಣನ ಪಕ್ಕೆಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದರು. ಗಾಯ ಮಾದಿತಾದರೂ ಜಠರಕ್ಕೆ ಹೋಗುವ ರಂಧ್ರವೊಂದು ಮುಚ್ಚಲೇ ಇಲ್ಲ. ಬೋಮಾಂಟ್ ಅವರು ರೇಷ್ಮೆಯ ದಾರಕ್ಕೆ ಆಹಾರದ ತುಣುಕುಗಳನ್ನು ಕಟ್ಟಿ ಆ ರಂಧ್ರದ ಮೂಲಕ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು ಎಷ್ಟು ಕರಗಿದೆಯೆಂದು ನೋಡಿ ಬರೆದಿಟ್ಟರು. ಇಂಥ ಇನ್ನೂರಕ್ಕೂ ಮಿಕ್ಕ ಪ್ರಯೋಗಗಳ ವಿವರಗಳು 1833ರಲ್ಲಿ ಪುಸ್ತಕವಾಗಿ ಹೊರಬಂದವು. ಜಠರವು ಕೇವಲ ಅರೆಯುವ ಒರಳಲ್ಲ, ಆಮ್ಲದಿಂದ ಕರಗಿಸುವ ಪಾತ್ರೆ ಎಂಬುದು ಆಗ ನಿಶ್ಚಯವಾಯಿತು. ಸಿಟ್ಟು ಬಂದಾಗ ಅವನ ಜಠರದ ಕೆಲಸ ಕೆಡುತ್ತಿತ್ತೆಂಬುದನ್ನೂ ಅವರು ಗಮನಿಸಿದ್ದರು. ಊಟದ ಹೊತ್ತಿನಲ್ಲಿ ಮನೆಯ ಲೆಕ್ಕಪತ್ರದ ಜಗಳ ತೆಗೆಯುವ ಗಂಡಸರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಬಡ ಕೂಲಿಯೊಬ್ಬನನ್ನು ವರ್ಷಗಟ್ಟಲೆ ಹೀಗೆ ಪ್ರಯೋಗದ ವಸ್ತುವಾಗಿ ಇಟ್ಟುಕೊಂಡದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಅದು ಬೇರೆ ಲೇಖನದ ವಿಷಯ.

ಆದರೆ ಜಠರ ಕರಗಿಸುತ್ತದೆಯೇ ಹೊರತು ಹೀರುವುದು ಅತ್ಯಲ್ಪ. ಹೀರುವ ಕೆಲಸವೆಲ್ಲ ಅದರ ಮುಂದಿನ ಸಣ್ಣ ಕರುಳಿನದು. ಇದರ ಉದ್ದ ಸುಮಾರು 6 ಮೀಟರ್. ಮೇದೋಜೀರಕ ಗ್ರಂಥಿಯ ರಸವೂ ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವೂ ಇಲ್ಲಿಗೇ ಬಂದು ಸೇರುತ್ತವೆ. ಹಿಟ್ಟಿನ ಅಂಶ ಗ್ಲೂಕೋಸ್ ಮುಂತಾದ ಸಕ್ಕರೆಗಳಾಗಿ, ಬೇಳೆಕಾಳುಗಳ ಪ್ರೋಟೀನು ಅಮೈನೋ ಆಮ್ಲಗಳಾಗಿ, ಎಣ್ಣೆ ತುಪ್ಪಗಳು ಕೊಬ್ಬಿನಾಮ್ಲಗಳಾಗಿ ಪೂರ್ತಿ ಒಡೆಯುವುದು ಇಲ್ಲಿಯೇ. ಕರುಳಿನ ಒಳಮೈ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯಂತೆ ಲಕ್ಷಾಂತರ ಸಣ್ಣ ಎಳೆಗಳಿಂದ ಕೂಡಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಈ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಟೆನ್ನಿಸ್ ಅಂಗಳದಷ್ಟಾಗುತ್ತದೆ ಎಂದು ಕಲಿಸುತ್ತಿದ್ದರು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೊಸದಾಗಿ ಅಳೆದು, ಅದು ಸುಮಾರು 30 ಚದರ ಮೀಟರ್ ಮಾತ್ರ ಎಂದರು. ಆದರೂ ಒಂದು ದೊಡ್ಡ ಪಡಸಾಲೆಯಷ್ಟು ಆಯಿತಲ್ಲ! ಈ ಒಳಮೈಯ ಜೀವಕೋಶಗಳ ಆಯುಷ್ಯ ಮೂರರಿಂದ ಐದು ದಿನ. ಹಳೆಯವು ಉದುರಿಹೋಗುತ್ತವೆ, ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕಬ್ಬಿಣದ ವಿಷಯದಲ್ಲಿ ಇದು ಮತ್ತೆ ಬರುತ್ತದೆ.

ವಯಸ್ಕರ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ 3ರಿಂದ 4 ಗ್ರಾಂ. ಅದರಲ್ಲಿ ಹೆಚ್ಚಿನ ಭಾಗ ರಕ್ತದ ಕೆಂಪುಕಣಗಳ ಹಿಮೋಗ್ಲೋಬಿನ್ನಿನಲ್ಲಿದೆ. ಕೆಂಪುಕಣ ಸುಮಾರು 120 ದಿನ ಬದುಕಿ ಸತ್ತಾಗ ಅದರ ಕಬ್ಬಿಣವನ್ನು ದೇಹ ಚೆಲ್ಲುವುದಿಲ್ಲ, ಹೊಸ ಕಣಕ್ಕೆ ಬಳಸುತ್ತದೆ. ಹೀಗಾಗಿ ದಿನಕ್ಕೆ ನಷ್ಟವಾಗುವುದು ಕೇವಲ 1 ಮಿಲಿಗ್ರಾಂನಷ್ಟು. ಮುಟ್ಟಾಗುವ ಹೆಣ್ಣುಮಕ್ಕಳಿಗೆ ಇದಕ್ಕಿಂತ ಹೆಚ್ಚು ನಷ್ಟ. ಗರ್ಭಿಣಿಗಾದರೋ ಒಂಬತ್ತು ತಿಂಗಳ ಅವಧಿಯಲ್ಲಿ ಒಟ್ಟು ಸುಮಾರು 1000 ಮಿಲಿಗ್ರಾಂ ಬೇಕಾಗುತ್ತದೆ. ಮೈಯಲ್ಲಿ ಇರುವುದೇ ಮೂರು ಗ್ರಾಂ. ಅದರ ಜೊತೆಗೆ ಇನ್ನೊಂದು ಗ್ರಾಂ ಹೊಂದಿಸಬೇಕೆಂದರೆ ಅದು ಎಂಥ ಭಾರವೆಂಬುದನ್ನು ಊಹಿಸಿಕೊಳ್ಳಿರಿ. ಎರಡನೆಯ ಬಸಿರು ಬೇಗ ನಿಂತರೆ ಮೊದಲ ಸಾಲ ತೀರುವ ಮುನ್ನವೇ ಎರಡನೆಯ ಸಾಲ.

ಹಾಗಾದರೆ ಊಟದಲ್ಲಿ ಕಬ್ಬಿಣ ಎಷ್ಟಿದೆ? 100 ಗ್ರಾಂ ಸಜ್ಜೆಯಲ್ಲಿ 6 ಮಿಲಿಗ್ರಾಂಗಿಂತ ಹೆಚ್ಚು, ರಾಗಿಯಲ್ಲಿ ನಾಲ್ಕೂವರೆ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ರೊಟ್ಟಿ ಬಿಟ್ಟು ಎರಡು ಹೊತ್ತೂ ಬಿಳಿ ಅನ್ನಕ್ಕೆ ಹೊರಳಿದ ಮನೆಗಳು ಕಳೆದುಕೊಂಡದ್ದೇನೆಂಬುದು ಇದರಿಂದ ತಿಳಿಯುತ್ತದೆ. ಪಾಲಕ್ ಸೊಪ್ಪಿನ ಕೀರ್ತಿ ದೊಡ್ಡದು, ಆದರೆ 100 ಗ್ರಾಂ ಸೊಪ್ಪಿನಲ್ಲಿರುವ ಕಬ್ಬಿಣ ಸುಮಾರು 3 ಮಿಲಿಗ್ರಾಂ, ಅದೂ ಸುಲಭವಾಗಿ ಬಿಟ್ಟುಕೊಡದಂಥದು.

ಇನ್ನು ಮುಖ್ಯ ಮಾತು. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಮಾತ್ರ ಹೊಸ್ತಿಲು ದಾಟುತ್ತದೆ. ಉಳಿದದ್ದು ಹಾಗೆಯೇ ಹೊರಗೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ತನ್ನ ಶಿಫಾರಸಿನಲ್ಲಿ, ಎರಡು ಮಿಲಿಗ್ರಾಂಗಳಷ್ಟು ರಕ್ತಕ್ಕೆ ಸೇರಬೇಕಾದರೆ ವಯಸ್ಕ ಮಹಿಳೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ತಿನ್ನಬೇಕೆಂದು ಲೆಕ್ಕ ಹಾಕಿದೆ. ಆ ಐದು ಹತ್ತಾಗುವುದೋ, ಎರಡಕ್ಕೆ ಇಳಿಯುವುದೋ ಎಂಬುದು ತಟ್ಟೆಯಲ್ಲಿ ಕಬ್ಬಿಣದ ಜೊತೆಗಾರರು ಯಾರು ಎಂಬುದನ್ನು ಅವಲಂಬಿಸಿದೆ.

ಕಬ್ಬಿಣ ಒಳಹೋಗುವ ಬಾಗಿಲು ಜಠರವನ್ನು ದಾಟಿದ ಕೂಡಲೇ ಸಿಗುವ ಗೇಣುದ್ದದ ಕರುಳಿನಲ್ಲಿದೆ. ಅಲ್ಲಿಗೆ ಬಂದಾಗ ಅದು ಕರಗಿದ ಸ್ಥಿತಿಯಲ್ಲಿರಬೇಕು, ಅದರಲ್ಲಿಯೂ ಒಂದು ನಿರ್ದಿಷ್ಟ ರೂಪದಲ್ಲಿರಬೇಕು. ನಿಂಬೆ, ಪೇರಲ, ಕಿತ್ತಳೆಗಳಲ್ಲಿರುವ 'ಸಿ' ಜೀವಸತ್ವ ಕಬ್ಬಿಣವನ್ನು ಆ ರೂಪಕ್ಕೆ ತಂದು, ಮತ್ತೆ ಗಟ್ಟಿಯಾಗದಂತೆ ಹಿಡಿದಿಡುತ್ತದೆ. ಚಹಾದ ಒಗರು ಇದಕ್ಕೆ ತದ್ವಿರುದ್ಧ. ಆ ಒಗರಿನ ಅಂಶ ಕಬ್ಬಿಣವನ್ನು ಅಪ್ಪಿಕೊಂಡು ಕರಗದ ಗಂಟಾಗಿ ಮಾಡುತ್ತದೆ. ಊಟದ ಜೊತೆ ಚಹಾ ಕುಡಿದಾಗ ಹೀರಿಕೆ ಅರ್ಧಕ್ಕಿಂತ ಕೆಳಗಿಳಿಯುವುದನ್ನು 1970ರ ದಶಕದಿಂದ ಹಲವು ಪ್ರಯೋಗಗಳು ತೋರಿಸಿವೆ. ಕಾಫಿಯೂ ಇದೇ ಗುಂಪಿನದು, ತೊಂದರೆ ಸ್ವಲ್ಪ ಕಡಿಮೆ ಅಷ್ಟೇ. ಹಾಲಿನ ಸುಣ್ಣದ ಅಂಶವೂ ಕಬ್ಬಿಣಕ್ಕೆ ಅಡ್ಡಬರುತ್ತದೆ. ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆಯನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಕೊಡುತ್ತಾರೆ. ಮರೆತೀತೆಂದು ಎರಡನ್ನೂ ಒಟ್ಟಿಗೆ ನುಂಗುವವರು ಬಹಳ. ಅವುಗಳ ನಡುವೆ ಎರಡು ಗಂಟೆಯಾದರೂ ಅಂತರ ಬೇಕು.

ಧಾನ್ಯ ಮತ್ತು ಕಾಳುಗಳ ಹೊಟ್ಟಿನಲ್ಲಿ ಫೈಟೇಟ್ ಎಂಬ ಇನ್ನೊಂದು ವಸ್ತುವಿದೆ. ಇದೂ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹಾಗೆಂದು ರೊಟ್ಟಿ ಬಿಡಬೇಕಾಗಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ, ಹಿಟ್ಟನ್ನು ಹುಳಿ ಬರಿಸಿದಾಗ ಫೈಟೇಟ್ ತಗ್ಗುತ್ತದೆ. ಮಡಕೆಕಾಳು, ಹೆಸರುಕಾಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಪಲ್ಯ ಮಾಡುವುದು, ಅಂಬಲಿಯನ್ನು ಹಿಂದಿನ ರಾತ್ರಿಯೇ ಕಲಸಿಡುವುದು ನಮ್ಮ ಅಜ್ಜಿಯರ ರೂಢಿಯಾಗಿತ್ತು. ಈಗ ಕುಕ್ಕರು ಬಂದ ಮೇಲೆ ನೆನೆಸುವ ತಾಳ್ಮೆಯೇ ಹೋಗಿದೆ. ದಾಸೋಹದ ಪಂಕ್ತಿಯಲ್ಲಿ ಎಲೆಯ ತುದಿಗೆ ನಿಂಬೆಹೋಳು ಬಡಿಸುವುದನ್ನು ಎಲ್ಲರೂ ಕಂಡಿದ್ದೇವೆ. ಎಷ್ಟೋ ಜನ ಅದನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಬಿಡಬಾರದು. ಪಲ್ಯದ ಮೇಲೂ ಸಾರಿನ ಮೇಲೂ ಹಿಂಡಿಕೊಳ್ಳಬೇಕು. ಆದರೆ ಒಲೆಯ ಮೇಲಿರುವಾಗಲೇ ಹಿಂಡಿ ಕುದಿಸಿದರೆ 'ಸಿ' ಜೀವಸತ್ವ ಬಹುಪಾಲು ನಾಶವಾಗುತ್ತದೆ. ಕೆಳಗಿಳಿಸಿದ ಮೇಲೆ, ಉಣ್ಣುವ ಕ್ಷಣದಲ್ಲಿ ಹಿಂಡುವುದು ಸರಿಯಾದ ಕ್ರಮ.

ಸಜ್ಜೆಯ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ನಡೆದ ಒಂದು ಅಧ್ಯಯನ ಉಲ್ಲೇಖಾರ್ಹ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ವಿಜ್ಞಾನಿಗಳೊಡನೆ ಸೇರಿ, ಕಬ್ಬಿಣ ಹೆಚ್ಚಿರುವ ಸಜ್ಜೆಯ ತಿನಿಸುಗಳನ್ನು ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಕೊಟ್ಟು ಹೀರಿಕೆಯನ್ನು ಅಳೆದರು. ಸಾಧಾರಣ ಸಜ್ಜೆ ತಿಂದ ಮಕ್ಕಳಿಗಿಂತ ಈ ಮಕ್ಕಳ ಮೈಗೆ ಹತ್ತಿದ ಕಬ್ಬಿಣ ಬಹಳ ಹೆಚ್ಚಾಗಿತ್ತೆಂಬುದು 2013ರಲ್ಲಿ ಪ್ರಕಟವಾಯಿತು. 'ಧನಶಕ್ತಿ' ಎಂಬ ಹೆಸರಿನ ಇಂಥ ಸಜ್ಜೆಯ ತಳಿಯೂ ರೈತರಿಗೆ ಬಿಡುಗಡೆಯಾಗಿದೆ. ಹೊಲವುಳ್ಳವರು ಕೃಷಿ ಇಲಾಖೆಯಲ್ಲಿ ವಿಚಾರಿಸಬಹುದು.

ದೇಹಕ್ಕೆ ಕಬ್ಬಿಣವನ್ನು ಹೊರಹಾಕುವ ದಾರಿ ಇಲ್ಲ. ಹೆಚ್ಚಾದರೆ ವಿಷ. ಆದ್ದರಿಂದ ಕಾವಲೆಲ್ಲ ಬಾಗಿಲಿನಲ್ಲಿಯೇ. ಈ ಕಾವಲಿನ ಆಜ್ಞೆ ಯಕೃತ್ತಿನಿಂದ ಹೊರಡುವ ಹೆಪ್ಸಿಡಿನ್ ಎಂಬ ಹಾರ್ಮೋನಿನದೆಂದು 2000ದ ಸುಮಾರಿಗೆ ಪತ್ತೆಯಾಯಿತು. ಮೈಯಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಹೆಪ್ಸಿಡಿನ್ ಬಾಗಿಲು ಹಾಕಿಸುತ್ತದೆ. ಆಗ ಕರುಳಿನ ಜೀವಕೋಶ ತಾನು ಎತ್ತಿಕೊಂಡ ಕಬ್ಬಿಣವನ್ನು ರಕ್ತಕ್ಕೆ ಕೊಡದೆ, ಮೂರು ನಾಲ್ಕು ದಿನಗಳಲ್ಲಿ ತಾನು ಉದುರುವಾಗ ಜೊತೆಗೇ ಒಯ್ಯುತ್ತದೆ. ಕೊರತೆಯಿದ್ದರೆ ಬಾಗಿಲು ಅಗಲವಾಗುತ್ತದೆ. ರಕ್ತಹೀನರಾದವರು ಇತರರಿಗಿಂತ ಹೆಚ್ಚು ಹೀರುವುದು ಇದೇ ಕಾರಣದಿಂದ. ಆದರೆ ಜ್ವರ, ಸೋಂಕು, ಎಲ್ಲಿಯೋ ಒಳಗಿನ ಉರಿ ಇದ್ದರೂ ಬಾಗಿಲು ಮುಚ್ಚುತ್ತದೆ. ಪದೇಪದೇ ಜ್ವರ ಬರುವವರಿಗೆ ಗುಳಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ. ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡುವವರ ಕರುಳಿನಲ್ಲಿ ಕೊಕ್ಕೆಹುಳು ಸೇರಿದ್ದರಂತೂ ಒಳಗೆ ಬಂದಷ್ಟು ರಕ್ತ ಹಿಂಬಾಗಿಲಿನಿಂದ ಸೋರುತ್ತಿರುತ್ತದೆ.

ಒಂದು ಪದಾರ್ಥ ಇನ್ನೊಂದರ ಕೈಹಿಡಿದು ಒಳಗೆ ಹೋಗುತ್ತದೆ ಎಂಬುದಕ್ಕೆ ಕಬ್ಬಿಣವೊಂದೇ ಉದಾಹರಣೆಯಲ್ಲ. ಕ್ಯಾರೆಟ್ಟು, ನುಗ್ಗೆಸೊಪ್ಪುಗಳಲ್ಲಿ 'ಎ' ಜೀವಸತ್ವಕ್ಕೆ ಮೂಲವಾದ ಅಂಶವಿದೆ, ಆದರೆ ಅದು ಕರಗುವುದು ಕೊಬ್ಬಿನಲ್ಲಿ ಮಾತ್ರ. ಒಂದು ಚಮಚ ಎಣ್ಣೆಯ ಒಗ್ಗರಣೆ ಅದಕ್ಕೆ ಸಾಕು. ತೂಕ ಇಳಿಸಬೇಕೆಂದು ಒಗ್ಗರಣೆಯನ್ನೇ ಬಿಟ್ಟವರು ಇದನ್ನು ಗಮನಿಸಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಸಕ್ಕರೆ ಮತ್ತು ಉಪ್ಪಿನದು. ಕುಡಿದ ನೀರೂ ದೇಹವೇ ಸುರಿಸಿದ ರಸಗಳೂ ಸೇರಿ ದಿನಕ್ಕೆ 8–9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಅದರಲ್ಲಿ ಲೋಟದಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಕರುಳು ಹಿಂದಕ್ಕೆ ಹೀರುತ್ತದೆ. ಕಾಲರಾ ಬಂದಾಗ ಈ ವ್ಯವಸ್ಥೆ ತಲೆಕೆಳಗಾಗಿ, ರೋಗಿ ಗಂಟೆಗಳಲ್ಲಿ ಒಣಗಿ ಸಾಯುತ್ತಾನೆ. ಬರಿ ನೀರು ಕುಡಿಸಿದರೆ ನಿಲ್ಲುವುದಿಲ್ಲ. ಬರಿ ಉಪ್ಪುನೀರೂ ಹತ್ತುವುದಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ, ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಉಪ್ಪಿನ ಸೋಡಿಯಮ್ಮೂ ಜೋಡಿಯಾಗಿಯೇ ದಾಟುವ ಬಾಗಿಲೊಂದಿದೆ ಎಂದು ಪ್ರತಿಪಾದಿಸಿದರು. ಅವೆರಡೂ ಒಳಗೆ ಹೋದರೆ ನೀರು ಅವುಗಳ ಬೆನ್ನು ಹಿಡಿಯುತ್ತದೆ. ಕಾಲರಾದ ವಿಷ ಈ ಒಂದು ಬಾಗಿಲನ್ನು ಮಾತ್ರ ಕೆಡಿಸುವುದಿಲ್ಲ!

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ನಿರಾಶ್ರಿತರಾದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್‌ಗೆ ಬಂದು ಸೇರಿದರು. ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸು, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದವರ ಸಂಖ್ಯೆ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಮಹನೀಯರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಈ ಕಥೆಯಿದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಿಂದ ಸಮತಟ್ಟಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಭೇದಿಯಾದಾಗ ಉಪ್ಪು ಹಾಕಿದ ಅಕ್ಕಿಯ ಗಂಜಿ ಕುಡಿಸುತ್ತಿದ್ದ ಅಜ್ಜಿಗೆ ಕ್ರೇನ್ ಯಾರೆಂದು ಗೊತ್ತಿರಲಿಲ್ಲ. ಆದರೆ ಅಕ್ಕಿಯ ಹಿಟ್ಟಿನಂಶವೂ ಒಡೆದು ಗ್ಲೂಕೋಸೇ ಆಗುವುದರಿಂದ ಆಕೆಯ ಗಂಜಿಯೂ ಅದೇ ಬಾಗಿಲಿನಿಂದ ಒಳಹೋಗುತ್ತಿತ್ತು.

ನಮ್ಮಂಥ ಶಾಕಾಹಾರಿ ಮನೆತನಗಳು ವಿಶೇಷವಾಗಿ ತಿಳಿದಿರಬೇಕಾದದ್ದು 'ಬಿ-12' ಜೀವಸತ್ವದ ಸಂಗತಿ. ಇದು ಧಾನ್ಯ, ಕಾಳು, ಸೊಪ್ಪು, ಹಣ್ಣು ಯಾವುದರಲ್ಲಿಯೂ ಇಲ್ಲ. ನಮಗೆ ಹಾಲು, ಮೊಸರು, ಗಿಣ್ಣು, ಪನೀರುಗಳೇ ಗತಿ. ದಿನದ ಅವಶ್ಯಕತೆ 2ರಿಂದ 2.5 ಮೈಕ್ರೋಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಚಹಾಕ್ಕೆ ಹಾಕುವ ನಾಲ್ಕು ಚಮಚ ಹಾಲನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಅದರ ಪ್ರಯಾಣವೂ ಕಷ್ಟದ್ದು. ಜಠರದ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು. ಜಠರವೇ ಸ್ರವಿಸುವ ವಿಶೇಷ ಪ್ರೋಟೀನೊಂದು ಅದನ್ನು ಎತ್ತಿಕೊಳ್ಳಬೇಕು. ಆ ಜೋಡಿ ಸಣ್ಣ ಕರುಳಿನ ಕಟ್ಟಕಡೆಯ ಭಾಗವನ್ನು ಮುಟ್ಟಬೇಕು. ಹೀರಿಕೆ ಅಲ್ಲಿ ಮಾತ್ರ. ವಿಚಿತ್ರವೆಂದರೆ ನಮ್ಮ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಬಿ-12 ತಯಾರಿಸುತ್ತವೆ. ಆದರೆ ಅದು ಹೀರುವ ಸ್ಥಳವನ್ನು ದಾಟಿ ಮುಂದೆ ಇರುವುದರಿಂದ ನಮಗೆ ದಕ್ಕುವುದಿಲ್ಲ.

ವಯಸ್ಸಾದಂತೆ ಜಠರದ ಆಮ್ಲ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ, ಎದೆಯುರಿಗೆಂದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳನ್ನು ಅಂಗಡಿಯಿಂದ ತಾವೇ ತಂದು ದಿನವೂ ನುಂಗುವವರಲ್ಲಿ ಬಿ-12 ಹೀರಿಕೆ ಇನ್ನೂ ತಗ್ಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕೂಡಲೇ ತೋರುವುದಿಲ್ಲ. ಪಾದಗಳಲ್ಲಿ ಜುಮ್ಮೆನ್ನುವುದು, ಕತ್ತಲಲ್ಲಿ ನಡೆಯುವಾಗ ತೂಗಾಡುವುದು, ನಾಲಿಗೆ ಉರಿಯುವುದು, ಮರೆವು ಇವೆಲ್ಲ ಮೆಲ್ಲಗೆ ಬರುತ್ತವೆ. ಮನೆಯವರು ಮುಪ್ಪೆಂದು ಸುಮ್ಮನಾಗುತ್ತಾರೆ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಗುಳಿಗೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಲು ಹಿಂಜರಿಯಬಾರದು. ಸ್ಪಿರುಲಿನಾ ಪುಡಿಯಲ್ಲಿ ಬಿ-12 ಇದೆಯೆಂಬ ಜಾಹೀರಾತನ್ನು ನಂಬಬೇಡಿರಿ. ಅದರಲ್ಲಿರುವುದು ಬಹುತೇಕ ನಮ್ಮ ದೇಹಕ್ಕೆ ಬಳಕೆಯಾಗದ ರೂಪ.

ಇನ್ನು ವಿಜಯಪುರದ ತಾಯಿಯ ಮನೆಗೆ ಮರಳೋಣ. ಅವರಿಗೆ ಬರೆದದ್ದಿಷ್ಟು. ಚಹಾವನ್ನು ಬಿಡಿಸಬೇಕಾಗಿಲ್ಲ, ಗುಳಿಗೆಯಿಂದಲೂ ಊಟದಿಂದಲೂ ಎರಡು ಗಂಟೆ ದೂರವಿಡಿರಿ. ಗುಳಿಗೆಯನ್ನು ರಾತ್ರಿ ಊಟವಾದ ಸ್ವಲ್ಪ ಹೊತ್ತಿನ ಮೇಲೆ ನಿಂಬೆಯ ಪಾನಕದ ಜೊತೆ ಕೊಡಿರಿ, ವಾಕರಿಕೆ ತಗ್ಗುತ್ತದೆ. ಮಲ ಕಪ್ಪಾದರೆ ಹೆದರಬೇಡಿರಿ, ಅದು ಹೀರದೆ ಉಳಿದ ಕಬ್ಬಿಣ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. 2018ರ ರಕ್ತಹೀನತೆ ಮುಕ್ತ ಭಾರತ ಯೋಜನೆಯ ಪ್ರಕಾರ ಗರ್ಭಿಣಿಗೆ ಇದನ್ನು ಕನಿಷ್ಠ 180 ದಿನ ಕೊಡಬೇಕು. ರಕ್ತ ಕಡಿಮೆಯಿದ್ದರೆ ಪ್ರಮಾಣವನ್ನು ವೈದ್ಯರು ಹೆಚ್ಚಿಸುತ್ತಾರೆ. ಹುಳುವಿನ ಔಷಧಿಯ ಬಗೆಗೂ ಅವರನ್ನೇ ಕೇಳಿರಿ. ಇಷ್ಟಾದರೂ ಒಂದು ತಿಂಗಳಲ್ಲಿ ರಕ್ತ ಏರದಿದ್ದರೆ ಬೇರೆ ಕಾರಣ ಹುಡುಕಬೇಕು, ಸಮಯ ಕಳೆಯಬಾರದು.

ಶ್ರಾವಣದಲ್ಲಿ ಅವರ ಮೂರನೆಯ ಪತ್ರ ಬಂದಿತು. ವೈದ್ಯರು ಗುಳಿಗೆಯನ್ನು ದಿನಕ್ಕೆ ಎರಡು ಮಾಡಿದ್ದರು. ಆದ್ದರಿಂದ ಕೀರ್ತಿಯೆಲ್ಲ ನಿಂಬೆಹಣ್ಣಿಗೇ ಸಲ್ಲಲಾರದು. ಎಂಟು ತುಂಬುವಾಗ ರಕ್ತ ಹತ್ತನ್ನು ದಾಟಿತ್ತು. ಹೆರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಸುಸೂತ್ರವಾಯಿತು, ಹೆಣ್ಣುಮಗು. ಬಾಣಂತಿಗೆ ಅಳವಿಯ ಪಾಯಸ ಕೊಡಬಹುದೇ ಎಂದು ಕೇಳಿದ್ದಾರೆ. ಧಾರಾಳವಾಗಿ ಕೊಡಬಹುದು, ಆದರೆ ಗುಳಿಗೆಗೆ ಬದಲಾಗಿ ಅಲ್ಲ. ಹೆರಿಗೆಯ ನಂತರವೂ 180 ದಿನ ಗುಳಿಗೆ ಮುಂದುವರಿಯಬೇಕು. ಪತ್ರದ ಕೊನೆಗೆ ಅವರು ಬರೆದ ಮಾತು ಇದು: "ಬೀಗತಿಗೆ ಚಹಾದ ಸಂಗತಿಯನ್ನೆಲ್ಲ ನಾನೇ ಫೋನಿನಲ್ಲಿ ಹೇಳಿದೆ. ಆಕೆ ನಕ್ಕು, ಊಟದ ಮೇಲೆ ಚಹಾ ಕುಡಿಯುವುದನ್ನು ಮಗಳಿಗೆ ಕಲಿಸಿದವಳು ತಾನೇ ಎಂದಳು."